ಗಂಧ ಹಚ್ಚಿದ ಡಿಸ್ಕು

ನನ್ನ ಕೈ ಮಾತಿಗಿಂತ ಮುಂದೆ ಓಡುತ್ತದೆ. ಹೆಮ್ಮೆಗೆ ಹೇಳುತ್ತಿಲ್ಲ. ತಮಿಳುನಾಡಿನ ವೆಳ್ಳಕೋಯಿಲ್ ಹತ್ತಿರದ ನಮ್ಮ ಮಗ್ಗದ ಶೆಡ್ಡಿನಲ್ಲಿ ನಾನು ಬೈಯದ ಕೆಲಸಗಾರನಿಲ್ಲ, ಒದೆಯದ ಸ್ಟೂಲಿಲ್ಲ. ಮಗ್ಗ ನೋಡಿಕೊಳ್ಳುವವನು ನಾನು, ಡಿಸೈನ್ ಮಾಡುವವನು ತಮ್ಮ. ಅಪ್ಪ ಗ್ರಾಫ್ ಹಾಳೆಯಲ್ಲಿ ಬರೆದಿದ್ದ ಸೀರೆಯಂಚುಗಳನ್ನೆಲ್ಲ ಅವನು ಒಂದು ಲಿನಕ್ಸ್ ಕಂಪ್ಯೂಟರಿಗೆ ಏರಿಸಿದ್ದ. ಹಾಳೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ತೀರಿಹೋದ ಅಪ್ಪನ ಕೈಕೆಲಸ ಉಳಿದಿದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ನಮ್ಮ ಮನೆಯ ಆಯುಧಪೂಜೆಯಲ್ಲಿ ಮೇಲಿಂದ ಬೊಟ್ಟಿಟ್ಟರೆ ಸಾಲದು. ಬಿಚ್ಚಿ, ಒರೆಸಿ, ಕೆಲಸ ಮಾಡುವ ಭಾಗಕ್ಕೇ ಗಂಧ ಮುಟ್ಟಿಸಬೇಕು. ಅಪ್ಪ ಒಂದೊಂದು ಲಾಳಿಗೂ ಹಾಗೆ ಮಾಡುತ್ತಿದ್ದರು. ಆ ವರ್ಷ ತಮ್ಮ ಹೂವು ತರಲು ಹೋಗಿದ್ದಾಗ ನಾನು ಕಂಪ್ಯೂಟರನ್ನೂ ಬಿಚ್ಚಿದೆ. ಒಳಗೆ ಎರಡು ಡಿಸ್ಕು, ಹಳೆಯದೊಂದು, ಹೊಸದೊಂದು. ವಯರು ಕಿತ್ತು, ಎರಡಕ್ಕೂ ಗಂಧ ಹಚ್ಚಿ, ಮತ್ತೆ ಸಿಕ್ಕಿಸಿ ಮುಚ್ಚಿದೆ. ತಮ್ಮನಿಗೆ ಹೇಳಬೇಕೆಂದು ಅನ್ನಿಸಲೇ ಇಲ್ಲ. ಲಾಳಿಗೆ ಗಂಧವಿಟ್ಟದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಪೂಜೆಯ ಮಾರನೆಯ ದಿನ ತಮ್ಮ ಸ್ವಿಚ್ ಹಾಕಿದ. ಕಪ್ಪು ಪರದೆ. ಡಿಸ್ಕಿನಲ್ಲಿ ಅಂಥ ಪಾರ್ಟಿಶನ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಗ್ರಬ್ ರೆಸ್ಕ್ಯೂ ಎಂಬ ಎರಡು ಪದ. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ ದಾರಿ ತಪ್ಪಿದೆ ಎಂದ. ಪೂಜೆಗೆ ಮುಂಚೆ ಅವನು ಏನೋ ಅಪ್‌ಡೇಟ್ ಹಾಕಿದ್ದು ನನಗೆ ನೆನಪಾಯಿತು.

"ಅಪ್ಪಂದೆಲ್ಲಾ ಅಳಿಸ್ಬುಟ್ಯೇನ್‌ಡಾ?" ಎಂದೆ.

ಇಲ್ಲ ಎನ್ನುತ್ತಲೇ ಅವನು ಕೀಬೋರ್ಡಿನ ಮೇಲೆ ಕೈಯಿಟ್ಟ. ಉಳಿದದ್ದನ್ನೂ ಹಾಳುಮಾಡುತ್ತಾನೆ ಅನ್ನಿಸಿ ಪಿತ್ತ ನೆತ್ತಿಗೇರಿತು. ಮಗ್ಗದ ಸ್ಪ್ಯಾನರು ಕೈಗೆ ಸಿಕ್ಕಿತು. ಅವನ ಬಲಗೈ ಮೇಲೆ ಬೀಸಿದೆ. ಒಂದಲ್ಲ, ಎರಡು ಸಲ. ಕೀಬೋರ್ಡು ಒಡೆಯಿತು, ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಆದರೂ ಕತ್ತಿನ ಪಟ್ಟಿ ಹಿಡಿದು ಕುರ್ಚಿಯಿಂದ ಕೆಡವಿದೆ, ಒದ್ದೆ. ಕೆಲಸಗಾರರಿಬ್ಬರು ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ಅವರಲ್ಲೊಬ್ಬನ ತುಟಿಯನ್ನೂ ಒಡೆದೆ.

ಕೈಗೆ ಟವೆಲು ಸುತ್ತಿಕೊಂಡು ತಮ್ಮ ಎದ್ದ. ಆಸ್ಪತ್ರೆಗೆ ನಡಿ ಎಂದವರಿಗೆ ಇರಿ ಎಂದ. ಬೇರೆ ಕೀಬೋರ್ಡು ತರಿಸಿ ಎಡಗೈಯಲ್ಲಿ ಎರಡಕ್ಷರ ಒತ್ತಿದ. ಪರದೆಯ ಮೇಲೆ ಎರಡೂ ಡಿಸ್ಕಿನ ಹೆಸರು ಕಾಣಿಸಿದವು. ಸರಿಯಾದದ್ದು ಯಾವುದೆಂದು ಹುಡುಕಿ, ಇನ್ನೂ ಮೂರ್ನಾಲ್ಕು ಸಾಲು ಬರೆದು ದಾರಿ ತೋರಿಸುವಷ್ಟರಲ್ಲಿ ಟವೆಲು ಕೆಂಪಾಗಿತ್ತು. ಕಂಪ್ಯೂಟರು ಎದ್ದಿತು. ಅಪ್ಪನ ಮಾವಿನಕಾಯಿ ಅಂಚು, ರುದ್ರಾಕ್ಷಿ ಅಂಚು, ಎಲ್ಲ ಇದ್ದವು.

ಆಮೇಲೆ ಅದನ್ನು ಆರಿಸಿ, ಪೆಟ್ಟಿಗೆ ಬಿಚ್ಚಿಸಿ ನೋಡಿದ. ವಯರಿನ ತುದಿಗಳಲ್ಲಿ ನನ್ನ ಹೆಬ್ಬೆರಳಿನ ಗಂಧ ಒಣಗಿತ್ತು.

"ವಯರು ಅದ್ಲುಬದ್ಲಾಗ್ಯದೆ ಅಣ್ಣಾ," ಎಂದ. "ಹಳೇ ಡಿಸ್ಕು ಮುಂದ್ಕೆ ಬಂದದೆ, ಕಂಪ್ಯೂಟ್ರು ಅದ್ರಲ್ಲಿ ಹುಡುಕ್ತಿತ್ತು. ಅಷ್ಟೇ."

ಅಯ್ಯೋ, ಅವನೂ ನನಗೆ ಎರಡು ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾರಿಸಲಿಲ್ಲ. ಆಸ್ಪತ್ರೆಯಲ್ಲಿ, ಕೈ ಬಾಗಿಲಿಗೆ ಸಿಕ್ಕಿ ಹೀಗಾಯಿತೆಂದು ಬರೆಸಿದ.

ಅವನ ತೋರುಬೆರಳು ಇವತ್ತಿಗೂ ಮಡಚುವುದಿಲ್ಲ. ಈಗ ಮೌಸ್ ಹಿಡಿಯುವವನು ನಾನು. ಅವನು ಪಕ್ಕದಲ್ಲಿ ಕೂತು, ಎಲ್ಲಿ ಬಳ್ಳಿ ತಿರುಗಬೇಕು, ಎಲ್ಲಿ ಹೂವು ಬರಬೇಕು ಎಂದು ಸಮಾಧಾನವಾಗಿ ಹೇಳುತ್ತಾನೆ. ನಾನು ತಪ್ಪುತ್ತೇನೆ, ತಪ್ಪಿದಾಗ ನನಗೇ ರೇಗುತ್ತದೆ. ನನ್ನ ದನಿ ಒಂದಿಷ್ಟು ಏರಿದರೆ ಸಾಕು, ಅವನ ಬಲಗೈ ಮೇಜಿನ ಕೆಳಗೆ ಹೋಗುತ್ತದೆ.