ಕಂಪನಿ ಬಸ್ಸಿನ ಜೊತೆ ನಮ್ಮ ರೇಸು

ಕಾರನ್ನು ರಿವರ್ಸ್ ತೆಗೆಯುವಾಗ ಈಗಲೂ ಹಾಡು ನಿಲ್ಲಿಸುವ ಮನುಷ್ಯ ನಾನು. ಹಾಡಿಗೂ ರಿವರ್ಸಿಗೂ ಏನು ಸಂಬಂಧ ಎಂದು ಹೆಂಡತಿ ಕೇಳುತ್ತಾಳೆ. ಕಿವಿ ತುಂಬಿದ್ದರೆ ನನಗೆ ಕಣ್ಣು ಕಾಣುವುದಿಲ್ಲ, ಅಷ್ಟೆ. ದೋಹಾದ ಲೈಸೆನ್ಸ್ ಪರೀಕ್ಷೆಯಲ್ಲಿ ಎಷ್ಟು ಸಲ ಡುಮ್ಕಿ ಹೊಡೆದೆ ಎಂಬುದನ್ನು ಮಗಳ ಮುಂದೆ ಹೇಳಬಾರದೆಂದು ಮನೆಯಲ್ಲಿ ಒಪ್ಪಂದವಾಗಿದೆ. ಇಂಥ ನನಗೆ ಅಮೆರಿಕದವರ ಹಳೆಯ ಕಾರ್ ರೇಸುಗಳನ್ನು ಫೋನಿನಲ್ಲಿ ನೋಡುವ ಚಟ ಹತ್ತಿದೆ ಎಂದರೆ ನಿಮಗೆ ನಗು ಬರಬಹುದು. ನಗಿ, ಬೇಸರವಿಲ್ಲ. ಮೊದಲು ಇಬ್ಬರು ಕೂತು ನೋಡುತ್ತಿದ್ದೆವು, ಈಗ ಒಬ್ಬನೇ ನೋಡುತ್ತೇನೆ. ಬೇಸರವಿರುವುದು ಅದಕ್ಕೆ.

ನಾನು ಹೇಳುತ್ತಿರುವುದು ಈಗಿನ, ಮೈತುಂಬ ಜಾಹೀರಾತು ಮೆತ್ತಿಕೊಂಡ ರೇಸುಗಳ ಮಾತಲ್ಲ. ಅವುಗಳ ಅಜ್ಜನ ಕಾಲದ್ದು. ಆಗ ನಿಯಮವೇ ಹಾಗಿತ್ತಂತೆ: ಅಂಗಡಿಯಲ್ಲಿ ಮಾರುವ ಕಾರು ಹೇಗಿದೆಯೋ ಹಾಗೆಯೇ ಓಡಬೇಕು. ವಾರವಿಡೀ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋದ ಕಾರನ್ನೇ ಭಾನುವಾರ ತಂದು, ಹೆಡ್‌ಲೈಟಿಗೆ ಟೇಪು ಹಚ್ಚಿ, ಬಾಗಿಲು ತೆರೆದುಕೊಳ್ಳದಂತೆ ಸೊಂಟದ ಬೆಲ್ಟಿನಿಂದ ಕಟ್ಟಿ ರೇಸಿಗೆ ಬಿಡುತ್ತಿದ್ದರು. ಪುಣ್ಯವಿದ್ದರೆ ಸಂಜೆ ಅದೇ ಕಾರಿನಲ್ಲಿ ಮನೆಗೆ ಹೋಗುತ್ತಿದ್ದರು. ಒಂದು ರೇಸಂತೂ ಅರ್ಧ ಡಾಂಬರು ರಸ್ತೆ, ಅರ್ಧ ಸಮುದ್ರದಂಡೆಯ ಮರಳಿನ ಮೇಲೆ. ಉಪ್ಪುನೀರು, ಮರಳು ಸೇರಿ ಎದುರಿನ ಗಾಜು ಮುಚ್ಚಿಹೋದರೆ ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ ನೋಡಿ ಓಡಿಸುತ್ತಿದ್ದರಂತೆ.

ಆ ರೇಸುಗಳಲ್ಲಿ ಒಂದು ಕಾರಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಾಗುವುದು ಕಷ್ಟ. ಸಣ್ಣ ಕಂಪನಿ. ದೊಡ್ಡವರೆಲ್ಲ ಎಂಟು ಸಿಲಿಂಡರಿನ ಎಂಜಿನ್ ಹಾಕಿ ಮೆರೆಯುತ್ತಿದ್ದಾಗ ಇದಕ್ಕಿದ್ದದ್ದು ಆರೇ. ನೆಲಕ್ಕೆ ತಗ್ಗಿ ಕೂತ ದೇಹ, ನೋಡಲು ಉಂಡು ಮಲಗಿದ ಎಮ್ಮೆ. ಆದರೆ ತಗ್ಗಾಗಿದ್ದುದರಿಂದಲೇ ತಿರುವಿನಲ್ಲಿ ಉಳಿದವು ಓಲಾಡುವಾಗ ಇದು ನೆಲ ಕಚ್ಚಿಕೊಂಡು ತಿರುಗಿ ಮುಂದೆ ಹೋಗಿಬಿಡುತ್ತಿತ್ತು. ಒಂದಾದ ಮೇಲೊಂದು ವರ್ಷ ಅದೇ ಗೆದ್ದಿತು. ಇಷ್ಟೆಲ್ಲ ಗೆದ್ದ ಮೇಲೆ ಕಂಪನಿ ಉದ್ಧಾರವಾಯಿತು ಎಂದುಕೊಂಡಿರಾ? ಮೊದಲು ಇನ್ನೊಂದು ಕಂಪನಿಯೊಳಗೆ ಕರಗಿತು, ಆಮೇಲೆ ಹೆಸರೂ ಹೋಯಿತು.

ಈ ಕಥೆ ಕೇಳಿ, ಜೊತೆಗೆ ಕೂತು ನೋಡುತ್ತಿದ್ದ ಹಮೀದಾಕ ಫೋನನ್ನು ನನ್ನ ಕೈಯಿಂದ ಕಸಿದು ವೀಡಿಯೊ ನಿಲ್ಲಿಸಿದ್ದರು.

"ಗೆದ್ದ ಮೇಲೂ ಮುಚ್ಚಿದರಾ? ಅದೆಂತ ಶೆಟ್ರೆ? ಸೋತವ ಮುಚ್ಚಿದ್ರೆ ಅರ್ಥ ಉಂಟು. ಗೆದ್ದವ ಯಾಕೆ ಮುಚ್ಚುದು?"

ಹಮೀದಾಕ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು. ದೋಹಾದ ಹೊರಗೆ ಮೆಸಯೀದ್‌ನಲ್ಲಿ ನಾನು ಕೆಲಸ ಮಾಡುವ ಪ್ಲಾಂಟಿಗೇ ಒಂದು ಕಂತ್ರಾಟುದಾರ ಕಂಪನಿಯ ಮೂಲಕ ಬಂದವರು, ಪಿಕಪ್ ಡ್ರೈವರ್. ಕೆಲಸಗಾರರನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಗೇಟಿನಿಂದ ಯೂನಿಟ್ಟಿಗೆ, ಯೂನಿಟ್ಟಿನಿಂದ ಗೇಟಿಗೆ ದಿನವಿಡೀ ಓಡಿಸುವುದು ಅವರ ಕೆಲಸ. ಹೆಂಡತಿ, ಮಕ್ಕಳು ಊರಿನಲ್ಲಿ. ಇಲ್ಲಿ ಅಲ್ ಗರಾಫಾದಲ್ಲಿ ನಮ್ಮ ಕಟ್ಟಡದ ಹಿಂದಿನ ವಿಲ್ಲಾದಲ್ಲಿ ಒಂದು ರೂಮು. ಶುಕ್ರವಾರ ಜುಮ್ಮಾ ಮುಗಿಸಿ ಬಂಗುಡೆ ಮೀನು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಹೆಂಡತಿ ಅದರ ಪುಳಿಮುಂಚಿ ಸಾರು ಮಾಡುತ್ತಿದ್ದಳು. ಉಂಡ ಮೇಲೆ ನಾನೂ ಅವರೂ ಸೋಫಾಕ್ಕೆ ಒರಗಿ ಕಪ್ಪುಬಿಳುಪಿನ ರೇಸು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಊರಿನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಈ ರೇಸುಗಳ ಮೂಲಪುರುಷರು ಕಳ್ಳಭಟ್ಟಿ ಸಾಗಿಸುತ್ತ ಪೊಲೀಸರಿಂದ ತಪ್ಪಿಸಿಕೊಳ್ಳುತ್ತಿದ್ದವರು ಎಂದು ನಾನು ವಿದ್ವತ್ತು ತೋರಿಸಿದಾಗ, "ಅಸ್ತಗ್‌ಫಿರುಲ್ಲಾ, ದೇವರು ಕ್ಷಮಿಸಲಿ, ಡ್ರೈವಿಂಗ್ ಮಾತ್ರ ನೋಡುವ, ಸಾಮಾನು ಬೇಡ" ಎಂದಿದ್ದರು.

ನಮ್ಮದೂ ಒಂದು ರೇಸಿತ್ತು. ಎದುರಾಳಿ ಕಂಪನಿಯ ಬಸ್ಸು. ಆ ಬಸ್ಸಿನ ಡ್ರೈವರಿಗೆ ತಾನು ರೇಸಿನಲ್ಲಿದ್ದೇನೆ ಎಂಬ ವಿಷಯ ಇಂದಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ನನಗೊಂದು ಸೀಟಿತ್ತು, ಆದರೂ ನಾನು ಹಮೀದಾಕನ ಹಳೇ ಬಿಳಿ ಕಾರಿನಲ್ಲಿ ಕೂರುತ್ತಿದ್ದೆ. ಅದರ ಬಾನೆಟ್ಟು ಮಾತ್ರ ನೀಲಿ, ಗುಜರಿಯಿಂದ ತಂದು ಹಾಕಿಸಿದ್ದು. ಬಣ್ಣ ಹೊಡೆಸಿ ಎಂದರೆ, "ಎಂಜಿನಿಗೆ ಅದರ ಬಣ್ಣ ಕಾಣುದಿಲ್ಲ" ಎನ್ನುತ್ತಿದ್ದರು. ಬೆಳಗ್ಗೆ ಬಸ್ಸು ನಮ್ಮ ಕಟ್ಟಡದೆದುರಿನಿಂದ ಹೊರಟ ಕೂಡಲೇ ನಾವೂ ಹೊರಡುವುದು, ಪ್ಲಾಂಟಿನ ಗೇಟಿಗೆ ಮೊದಲು ಮುಟ್ಟಿದವನು ಗೆದ್ದ. ಹೆದ್ದಾರಿಯುದ್ದಕ್ಕೂ ಕ್ಯಾಮೆರಾಗಳು ಇರುವುದರಿಂದ ಮಿತಿ ಮೀರಿ ಓಡಿಸುವ ಹಾಗಿಲ್ಲ. ಯಾವ ಲೇನು ಹಿಡಿಯಬೇಕು, ಯಾವ ಟ್ರಕ್ಕಿನ ಹಿಂದೆ ಸಿಕ್ಕಿಹಾಕಿಕೊಳ್ಳಬಾರದು ಎಂಬುದರಲ್ಲೇ ಎಲ್ಲ ಇತ್ತು. ಅದರ ಮೇಲೆ ಹಮೀದಾಕನ ಒಂದು ಕಟ್ಟುನಿಟ್ಟಿನ ನಿಯಮ: ದಾರಿಯಲ್ಲಿ ಕರಕ್ ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, ಹಾರ್ನ್ ಹೊಡೆದು, ಕಾರಿನ ಕಿಟಕಿಗೇ ಚಹಾ ತರಿಸಿ ಕುಡಿಯಲೇಬೇಕು. ಚಹಾ ಬಿಟ್ಟು ಗೆದ್ದರೆ ಅದು ಗೆಲುವಲ್ಲ. ನಾವು ಅಂಗಡಿಯ ಮುಂದೆ ಊದಿ ಊದಿ ಕುಡಿಯುವಾಗ ಬಸ್ಸು ದಾಟಿಹೋಗುತ್ತಿತ್ತು. ಆಮೇಲೆ ಅದನ್ನು ಹಿಡಿಯಬೇಕು. ಹಿಡಿಯುತ್ತಿದ್ದೆವು ಕೂಡ, ಹೆಚ್ಚಿನ ದಿನ.

ಕಳೆದ ಬೇಸಿಗೆಯಿಂದ ನಾವು ಸೋಲತೊಡಗಿದೆವು. ಹಮೀದಾಕ ನಡುವಿನ ಲೇನು ಬಿಟ್ಟು ಕದಲದಾದರು. ವಯಸ್ಸಾಯಿತು ಎಂದು ನಾನು ತಮಾಷೆ ಮಾಡುತ್ತಿದ್ದೆ, ಅವರು ನಗುತ್ತಿದ್ದರು. ಒಂದು ಬೆಳಗ್ಗೆ ಮೆಸಯೀದ್ ರಸ್ತೆಯಲ್ಲಿ ಹೋಗುತ್ತಿರುವಾಗ ಅವರು ಸ್ಟೀರಿಂಗಿಗೆ ತಟ್ಟಿ, "ಖಲಾಸ್ ಶೆಟ್ರೆ! ಬಸ್ಸು ಎಲ್ಲಿಯೂ ಇಲ್ಲ, ಇವತ್ತು ನಮ್ಮದು!" ಎಂದು ಖುಷಿಯಿಂದ ಕೂಗಿದರು. ನಾನು ಬಲಕ್ಕೆ ತಿರುಗಿ ನೋಡಿದೆ. ಬಸ್ಸು ನಮ್ಮ ಪಕ್ಕದಲ್ಲೇ ಇತ್ತು. ಎಷ್ಟು ಪಕ್ಕದಲ್ಲೆಂದರೆ ಕಿಟಕಿಗೆ ತಲೆ ಒರಗಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ನಮ್ಮ ಸೆಕ್ಷನ್ನಿನವನ ಹಲ್ಲು ಕಾಣುತ್ತಿತ್ತು. ತಮಾಷೆ ಇರಬೇಕೆಂದು ನಾನೂ ನಕ್ಕೆ. ಅಷ್ಟರಲ್ಲಿ ಅವರು ಬಲಕ್ಕೆ ಇಂಡಿಕೇಟರ್ ಹಾಕಿ, ಬಸ್ಸಿದ್ದ ಜಾಗಕ್ಕೇ ಕಾರು ತಿರುಗಿಸಿದರು. ನಾನು ಕಿರುಚಿದೆ, ಅವರು ಗಕ್ಕನೆ ಎಡಕ್ಕೆ ಎಳೆದುಕೊಂಡರು. ಬಸ್ಸಿನ ಹಾರ್ನು ಬಹಳ ಹೊತ್ತು ಕಿವಿಯಲ್ಲಿತ್ತು.

ಕಣ್ಣಿನ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಗ್ಲಾಕೋಮಾ ಎಂದರು. ಎದುರಿನದು ಚೆನ್ನಾಗಿ ಕಾಣುತ್ತದೆ, ಎರಡೂ ಬದಿಯ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಔಷಧ ಬಿಡಬೇಕು, ಗಾಡಿ ಓಡಿಸಬಾರದು. ಡಾಕ್ಟರು ಮಲಯಾಳಿ ಹೆಂಗಸು, ಬಹಳ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದರಿಂದ ಏನೂ ಹಗುರಾಗಲಿಲ್ಲ. ಹಮೀದಾಕನ ಲೈಸೆನ್ಸು ಮುಂದಿನ ತಿಂಗಳೇ ನವೀಕರಣಕ್ಕೆ ಬರುವುದಿತ್ತು. ಲೈಸೆನ್ಸು ಹೋದರೆ ಡ್ರೈವರ್ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು. ಈ ಊರಿನಲ್ಲಿ ಮನುಷ್ಯ ನಿಂತಿರುವುದೇ ಅಂಥ ಒಂದರ ಮೇಲೊಂದಿಟ್ಟ ಕಾಗದಗಳ ಮೇಲೆ. ಅವರಿಗೆ ಇನ್ನೂ ಒಬ್ಬ ಮಗಳ ಮದುವೆ ಬಾಕಿಯಿತ್ತು.

ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಆಗಬೇಕು. ಅದು ನಡೆಯುವುದು ಕನ್ನಡಕದ ಅಂಗಡಿಯಲ್ಲಿ. ಕುರ್ಚಿಯಲ್ಲಿ ಕೂರಿಸಿ ಎದುರಿನ ಗೋಡೆಯ ಅಕ್ಷರ ಓದಿಸುತ್ತಾರೆ, ಬಣ್ಣ ಕೇಳುತ್ತಾರೆ, ಮುಗಿಯಿತು. ಎದುರಿನದಲ್ಲವೆ? ಹಮೀದಾಕ ಕಡೆಯ ಸಾಲಿನವರೆಗೆ ಪಟಪಟನೆ ಓದಿ ಪಾಸಾದರು! ಆ ಶುಕ್ರವಾರ ಬಂಗುಡೆಯ ಜೊತೆ ಸೀಗಡಿಯೂ ಬಂತು. ನಾನು ಎಷ್ಟು ಹಿಗ್ಗಿದೆನೆಂದರೆ ಡಾಕ್ಟರು ಹೇಳಿದ್ದನ್ನೆಲ್ಲ ಆಚೆ ತಳ್ಳಿ, "ಇನ್ನು ಸುಮ್ಮನಿರಿ ಹಮೀದಾಕ, ಸರ್ಕಾರವೇ ಒಪ್ಪಿದ ಮೇಲೆ ನಮಗೇನು? ಬಲಗಡೆ ನಾನು ನೋಡುತ್ತೇನೆ, ಎಡಗಡೆ ನೀವು ಸ್ವಲ್ಪ ತಿರುಗಿ ನೋಡಿ" ಎಂದುಬಿಟ್ಟೆ. ಅವರ ಕೆಲಸದ ಚಿಂತೆಗಿಂತ ನನ್ನ ಶುಕ್ರವಾರದ ಚಿಂತೆ ದೊಡ್ಡದಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಎಂದಿನಂತೆ ರೇಸು ಹಾಕಿದೆ. ಆ ತಗ್ಗು ಕಾರು ಮರಳಿನ ಮೇಲೆ ಅಡ್ಡಡ್ಡ ಜಾರುತ್ತ ಮತ್ತೊಮ್ಮೆ ಗೆದ್ದಿತು. ಜನ ಟೋಪಿ ಹಾರಿಸಿದರು. ಹಮೀದಾಕ ಅದನ್ನು ನೋಡುತ್ತ ಹೇಳಿದರು:

"ಪಿಕಪ್ಪಿನಲ್ಲಿ ನನ್ನ ಹಿಂದೆ ಐದು ಜನ ಕೂರ್ತಾರೆ ಶೆಟ್ರೆ. ಅವರಲ್ಲಿ ಬಲಗಡೆ ನೋಡ್ಲಿಕ್ಕೆ ನೀವಿಲ್ಲ."

"ಪರೀಕ್ಷೆ ಪಾಸಾಗಿದೆಯಲ್ಲ ಹಮೀದಾಕ?"

"ಹೌದು ಮಾರಾಯ್ರೆ, ಪಾಸಾದೆ. ಈ ಕಾರೂ ಗೆದ್ದಿತ್ತಲ್ಲ" ಎಂದು ಫೋನಿನ ಕಡೆ ಗಲ್ಲ ಎತ್ತಿದರು. "ನಾಡಿದ್ದು ಆಫೀಸಿಗೆ ಹೋಗಿ ಹೇಳ್ತೇನೆ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಮಗಳ ಮದುವೆ, ಹಮೀದಾಕ?" ಎಂದಳು. "ಅವಳಿಗೆ ಅಪ್ಪ ಬೇಕು ತಂಗೀ, ಜೈಲಿನಲ್ಲಿರುವ ಅಪ್ಪ ಬೇಡ" ಎಂದರು. ನಾನು ಸೀಗಡಿಯ ತಟ್ಟೆಯನ್ನು ಅವರತ್ತ ಸರಿಸಿದೆ.

ಕಂಪನಿ ಒಳ್ಳೆಯ ಮಾತಾಡಿ, ಲೆಕ್ಕ ಚುಕ್ತಾ ಮಾಡಿ, ಟಿಕೆಟ್ ಕೊಟ್ಟಿತು. ಬೇರೆ ಕೆಲಸ? ಮಾಫಿ, ಅಂದರೆ ಅರಬಿಯಲ್ಲಿ 'ಇಲ್ಲ'. ಕಡೆಯ ದಿನ ಪ್ಲಾಂಟಿಗೆ ಹೋಗಿ ಗೇಟ್ ಪಾಸ್ ಹಿಂದಿರುಗಿಸಬೇಕಿತ್ತು. ಬೆಳಗ್ಗೆ ಹಮೀದಾಕ ಕಾರಿನ ಬಳಿ ನಿಂತು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬಲಗಡೆಯ ಬಾಗಿಲು ತೆರೆದು ಕೂತರು. ಅಷ್ಟು ವರ್ಷ ನಾನು ಕೂತಿದ್ದ ಸೀಟು. ಚಳಿಗಾಲ, ಎ.ಸಿ. ಬೇಡವೆಂದು ಕಿಟಕಿ ಇಳಿಸಿದರು. ಬಸ್ಸು ಹೊರಟಿತು. ನಾನು ಹಾಡು ನಿಲ್ಲಿಸಿ ರಿವರ್ಸ್ ತೆಗೆದೆ.

ಕರಕ್ ಅಂಗಡಿಯ ಮುಂದೆ ನಾನು ಹೊಡೆದ ಹಾರ್ನಿಗೆ ಯಾರೂ ಬರಲಿಲ್ಲ. ಹಾರ್ನ್ ಹೊಡೆಯುವಾಗಲೂ ನನಗೆ ಸಂಕೋಚ. ಹಮೀದಾಕ ಕೈ ಚಾಚಿ ಒಮ್ಮೆ ಒತ್ತಿದ ಮೇಲೆ ಚಹಾ ಬಂತು. ಊದಿ ಊದಿ ಕುಡಿದೆವು. ಹೆದ್ದಾರಿಗೆ ಸೇರಿದಾಗ ಬಸ್ಸು ಬಹಳ ಮುಂದಿತ್ತು. ನಾನು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಒಂದು ಸಿಮೆಂಟ್ ಟ್ರಕ್ಕು, ಒಂದು ನೀರಿನ ಟ್ಯಾಂಕರು ದಾಟಿದೆ. ನನ್ನ ಜನ್ಮದಲ್ಲಿ ಅಂಥ ಸಾಹಸ ಮಾಡಿರಲಿಲ್ಲ. ಹಾಗೂ ಹೀಗೂ ಹತ್ತಿರ ಬಂದೆ, ಆದರೆ ದಾಟಲು ಎಡಕ್ಕೆ ಸರಿಯುವ ಧೈರ್ಯವಾಗಲಿಲ್ಲ. ಎಡಗಡೆ ಯಾರೂ ಇರಲಿಲ್ಲ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣುವ ಕಣ್ಣು ನನಗಿತ್ತು, ದಾಟುವ ಕೈ ಅವರದಾಗಿತ್ತು. ಗೇಟು ಬಂತು. ನಮ್ಮೆದುರು ಬಸ್ಸು ಒಳಗೆ ಹೋಯಿತು.

ಹಮೀದಾಕ ಕಾಲ ಬಳಿ ಇಟ್ಟಿದ್ದ ಚೀಲದಲ್ಲಿ ಗೇಟ್ ಪಾಸ್ ಹುಡುಕುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಬಸ್ಸು ಎಲ್ಲುಂಟು?"

"ಹಿಂದೆ ಇದೆ ಹಮೀದಾಕ, ಕಾಣುವುದೂ ಇಲ್ಲ. ಗೆದ್ದೆವು."

ಅವರು ಮೂಗು ಅರಳಿಸಿ, "ಡೀಸೆಲ್ ವಾಸನೆ ಎದುರಿನಿಂದ ಬರ್ತಾ ಉಂಟಲ್ಲ ಶೆಟ್ರೆ" ಎಂದರು. ನನ್ನ ಕಣ್ಣು ತುಂಬಿತು. ಅವರು ನನ್ನ ತೊಡೆಗೆ ತಟ್ಟಿ, "ಇರ್ಲಿ. ಚಾ ಕುಡಿದಿದ್ದೇವಲ್ಲ" ಎಂದು ಇಳಿದರು.

ಈಗ ನಾನು ಕಂಪನಿ ಬಸ್ಸಿನಲ್ಲೇ ಹೋಗುತ್ತೇನೆ. ಸೀಟಿದ್ದವರಿಗೆ ಬಸ್ಸು ಆರಾಮ, ನಿದ್ದೆ ಮಾಡಬಹುದು. ನನಗೆ ನಿದ್ದೆ ಬರುವುದಿಲ್ಲ. ಹಮೀದಾಕ ತಮ್ಮ ಕಾರನ್ನು ಮೆಸಯೀದ್‌ನಲ್ಲೇ ಕೆಲಸ ಮಾಡುವ ಒಬ್ಬ ಶ್ರೀಲಂಕಾದ ಎಲೆಕ್ಟ್ರಿಷಿಯನ್ನಿಗೆ ಕೊಟ್ಟುಹೋಗಿದ್ದಾರೆ. ಬಾನೆಟ್ಟಿಗೆ ಅವನೂ ಬಣ್ಣ ಹೊಡೆಸಿಲ್ಲ. ಮೊನ್ನೆ ನಮ್ಮ ಬಸ್ಸು ಕರಕ್ ಅಂಗಡಿ ದಾಟುವಾಗ ಅದು ಅಲ್ಲಿ ನಿಂತಿತ್ತು. ಅವನು ಕಿಟಕಿಯಿಂದ ಕೈ ಹೊರಹಾಕಿ ಚಹಾ ತೆಗೆದುಕೊಳ್ಳುತ್ತಿದ್ದ. ಈ ನಿಯಮವನ್ನು ಹಮೀದಾಕ ಹೇಳಿಕೊಟ್ಟು ಹೋದರೋ, ಅವನಿಗೇ ಚಹಾ ಬೇಕಿತ್ತೋ ಗೊತ್ತಿಲ್ಲ. ನಾನು ಸೀಟಿನಲ್ಲಿ ಪೂರ್ತಿ ತಿರುಗಿ ಕೂತು, ಹಿಂದಿನ ಗಾಜಿನಲ್ಲಿ ಆ ನೀಲಿ ಬಾನೆಟ್ಟು ಮೂಡುತ್ತದೆಯೇ ಎಂದು ನೋಡುತ್ತ, ನಮ್ಮ ಬಸ್ಸಿಗೆ ಮುಂದಿನ ಸಿಗ್ನಲ್ಲು ಕೆಂಪಾಗಲಿ ದೇವರೇ ಎಂದು ಬೇಡಿಕೊಂಡೆ.