ನೀಮಾಳ ಬಟ್ಟೆಯನ್ನು ಗೋಡೆಗೆ ತೂಗುಹಾಕಿದ ದಿನ

ಕೊರೊನಾ ಮುಗಿದು ಅಂಗಡಿಗಳೆಲ್ಲ ಮತ್ತೆ ಸರಿಯಾಗಿ ತೆರೆದ ವರ್ಷ. ನಾನಾಗ ಮಸ್ಕತ್ತಿನ ಅಲ್ ಅಜೈಬಾದ ಒಂದು ಲೇಡೀಸ್ ಟೈಲರಿಂಗ್ ಅಂಗಡಿಯಲ್ಲಿ ಕಟಿಂಗ್ ಮತ್ತು ಆಲ್ಟರೇಷನ್ ನೋಡಿಕೊಳ್ಳುತ್ತಿದ್ದೆ. ನಿಮ್ಮ ಅಜ್ಜ ತೀರಿಹೋದ ಮೇಲೆ ಹಿಡಿದ ಕೆಲಸ ಅದು. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ನಾಲ್ಕು ಜನರ ಎದುರು ಬಾಯಿ ತೆರೆಯಲು ಈಗಲೂ ನಾಚಿಕೆ. ಅದಕ್ಕೇ ಹೇಳುವ ಬದಲು ಬರೆಯುತ್ತಿದ್ದೇನೆ. ನೀವು ಕನ್ನಡ ಓದುವುದು ನಿಧಾನ ಎಂದು ಗೊತ್ತು ಮಕ್ಕಳೇ, ನಿಧಾನವಾಗಿಯೇ ಓದಿ.

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಗಿರಾಕಿಗಳು ಕಡಿಮೆ. ಆಗ ಹಿಂದಿನ ಕೋಣೆಯಲ್ಲಿ ಕೆಲವು ಆಫ್ರಿಕಾದ ಹೆಂಗಸರು ಸೇರುತ್ತಿದ್ದರು. ಅವರನ್ನು ಸೇರಿಸಿದವಳು ಗ್ರೇಸ್, ಉಗಾಂಡಾದವಳು, ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಉಳಿದವರು ಹೆಚ್ಚಾಗಿ ಮನೆಗೆಲಸದವರು. ಎಲ್ಲರೂ ಕಂಗಾ ತರುತ್ತಿದ್ದರು. ಕಂಗಾ ಎಂದರೆ ಅವರ ಕಡೆಯ ಹೆಂಗಸರು ಸೊಂಟಕ್ಕೆ, ಹೆಗಲಿಗೆ ಸುತ್ತಿಕೊಳ್ಳುವ ಹತ್ತಿ ಬಟ್ಟೆ. ಅದರ ಅಂಚಿನಲ್ಲಿ ಸ್ವಾಹಿಲಿಯಲ್ಲಿ ಒಂದು ಮಾತು ಅಚ್ಚಾಗಿರುತ್ತದೆ. ಅತ್ತೆಗೆ, ಗಂಡನಿಗೆ, ಪಕ್ಕದ ಮನೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಅಂಥ ಮಾತಿರುವ ಕಂಗಾ ಉಟ್ಟು ಎದುರು ನಡೆದರೆ ಸಾಕಂತೆ. ಗ್ರೇಸಳ ಗುಂಪು ಬರಿಯ ಬಟ್ಟೆ ತೆಗೆದುಕೊಂಡು ತಮ್ಮ ತಮ್ಮ ಮಾತನ್ನು ತಾವೇ ಕಸೂತಿ ಹಾಕುತ್ತಿತ್ತು. ಹಾಕುತ್ತಾ ಮಾತಾಡುವುದು. ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ, ಕಣ್ಣು ಸೂಜಿಯ ಮೇಲೆಯೇ ಇರಬೇಕು.

ಮೊದಲ ದಿನ ಯಾರದೋ ಕಥೆ ಕೇಳಿ ನಾನು ‘ಅಯ್ಯೋ ಪಾಪ’ ಎಂದುಬಿಟ್ಟೆ. ಗ್ರೇಸ್ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಗದರಿದಳು. ಅವರ ಕಡೆ ಮಾಮಾ ಎಂದರೆ ಅಮ್ಮ. “ಮಾಮಾ ಯಮುನಾ, ಇಲ್ಲಿ ಪಾಪ ಇಲ್ಲ. ಪಾಪ ಬೇಕಿದ್ದರೆ ಹೋಗಿ ಸೀರಿಯಲ್ ನೋಡು. ಇಲ್ಲಿ ದಾರ ಕೊಡು.” ಎಲ್ಲರೂ ನಕ್ಕರು. ನಾನು ದಾರ ಕೊಟ್ಟೆ.

ಅಂಗಡಿಯ ಶೆಟ್ರು ಕುಂದಾಪುರದ ಕಡೆಯವರು. “ಯಮುನಕ್ಕ, ನಿಮ್ಮ ಮಹಿಳಾ ಮಂಡಲ ಶುರುವಾಯಿತಾ?” ಎಂದು ಚೇಷ್ಟೆ ಮಾಡುತ್ತಿದ್ದರು. ಬೇಡ ಎಂದವರಲ್ಲ.

ಆ ಗುಂಪಿನಲ್ಲಿ ನೀಮಾ ಎಂಬ ತಾಂಜಾನಿಯಾದ ಹುಡುಗಿ ಇದ್ದಳು. ತಾನು ಕೆಲಸ ಮಾಡುವ ಮನೆಯ ಹೆಂಗಸರ ಅಬಾಯಾ ಎಂಬ ಕಪ್ಪು ನಿಲುವಂಗಿಗಳನ್ನು ರಿಪೇರಿಗೆ ತರುವ ನೆಪದಲ್ಲಿ ಬರುತ್ತಿದ್ದಳು. ಅಬಾಯಾ ಸುಟ್ಟಳೆಂದು ಆ ಮನೆಯ ಹೆಂಗಸು ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಇವಳ ತೋಳಿಗೆ ಒತ್ತಿದ್ದಳು. ನೀಮಾ ಅದನ್ನೇ ಹೊಲಿದಳು: ಒಂದು ತೋಳು, ಇಸ್ತ್ರಿ ಪೆಟ್ಟಿಗೆ, ಆ ಮನೆಯ ನೀಲಿ ಗೇಟು, ಗೇಟಿನ ಪಕ್ಕ ಬಾಗಿದ ಖರ್ಜೂರದ ಮರ. ಅಂಚಿನಲ್ಲಿ ಸ್ವಾಹಿಲಿಯಲ್ಲಿ, ‘ಈ ತೋಳು ನನ್ನದು.’ ಬೇರೊಂದು ಮನೆಗೆ ಕೆಲಸ ಬದಲಿಸಲು ಅವಳು ಕೇಳಿಕೊಂಡಿದ್ದಳು. ಅವಳ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಒಪ್ಪಿದ್ದ. ಸಹಿ ಮಾತ್ರ ಬಾಕಿ. ಅಷ್ಟರೊಳಗೆ ಈ ಬಟ್ಟೆ ಅವರ ಕಣ್ಣಿಗೆ ಬಿದ್ದರೆ ಸಹಿಯೂ ಇಲ್ಲ, ಅವಳಿಗೆ ಉಳಿಗಾಲವೂ ಇಲ್ಲ. ಆದ್ದರಿಂದ ಅದನ್ನು ನನ್ನ ಕಪಾಟಿನಲ್ಲಿಟ್ಟು ಹೋಗುತ್ತಿದ್ದಳು.

ಆಗ ಬಂದರು ಮೇಡಂ. ಬೆಂಗಳೂರಿನವರು, ಗಂಡನಿಗೆ ದೊಡ್ಡ ಕಂಪನಿಯಲ್ಲಿ ಕೆಲಸ, ಇವರಿಗೆ ಕಲಾಪ್ರದರ್ಶನ ಮಾಡಿಸುವ ಹವ್ಯಾಸ. ಆಫ್ರಿಕಾದ ಸ್ತ್ರೀವಾದಿಗಳ ಜೊತೆ ಆಕ್ಟಿವಿಸಂ, ಹೀಲಿಂಗ್, ಆರ್ಟ್ಸ್ ಕುರಿತು ಒಂದು ಸಂಜೆಯ ಮಾತುಕತೆ ಏರ್ಪಡಿಸುತ್ತಿದ್ದರು. ಗ್ರೇಸ್ ಮಾತಾಡಲು ಒಪ್ಪಿದಳು. ಇಷ್ಟವಿದ್ದವರು ತಮ್ಮ ಬಟ್ಟೆ ಕೊಟ್ಟರು. ನೀಮಾ ಕೊಡುವುದಿಲ್ಲ ಎಂದಳು. ಮೇಡಂ ಆ ಬಟ್ಟೆಯತ್ತ ನೋಡಿದ ನೋಟ ನನಗೆ ನೆನಪಿದೆ. ಮೀನು ಮಾರ್ಕೆಟ್ಟಿನಲ್ಲಿ ಒಳ್ಳೆಯ ಅಂಜಲನ್ನು ಹಾಗೆ ನೋಡುತ್ತಾರೆ.

ಪ್ರದರ್ಶನದ ದಿನ ಬಟ್ಟೆಗಳ ಸುಕ್ಕು ತೆಗೆಯಲು ನನ್ನನ್ನೂ ಕರೆದಿದ್ದರು. ಹಾಲ್ ಒಳಗೆ ಕಾಲಿಟ್ಟರೆ ಎದುರು ಗೋಡೆಯ ನಡುಮಧ್ಯೆ ನೀಮಾಳ ಬಟ್ಟೆ! ಹಿಂದಿನ ದಿನ ನನಗೆ ರಜೆ. ಶೆಟ್ರಿಗೆ ಫೋನ್ ಮಾಡಿದೆ. “ಮೇಡಂ ನಿನ್ನೆ ಬಂದಿದ್ರು, ಎಲ್ಲರದೂ ಒಪ್ಪಿಗೆ ಆಗಿದೆ ಅಂದ್ರು ಮಾರಾಯ್ತಿ. ಬಟ್ಟೆ ಅಲ್ವಾ, ಕೊಟ್ಟೆ” ಎಂದರು.

ನಾನು ಮೇಡಂ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. “ಇದು ಬೇಡ ಮೇಡಂ. ಇಲ್ಲಿ ಎಷ್ಟೋ ಒಮಾನಿ ಮನೆಗಳ ಹಿರಿಯರು ಜಾಂಜಿಬಾರಿನಿಂದ ಬಂದವರು, ಸ್ವಾಹಿಲಿ ಓದುತ್ತಾರೆ.”

“ಗೊತ್ತು ಯಮುನಾ. ಅದೇ ತಾನೇ ಪವರ್!” ಎಂದರು. “ಹೆಸರು ಹಾಕಿಲ್ಲ ನೋಡಿ, ಅನಾನಿಮಸ್ ಅಂತ ಹಾಕಿದ್ದೇವೆ.”

ಜನ ಬಂದರು. ಕೈಯಲ್ಲಿ ಸಮೋಸಾ, ಜ್ಯೂಸ್. ಆ ಬಟ್ಟೆಯ ಮುಂದೆ ನಿಂತು ತಲೆ ಓರೆ ಮಾಡಿ ಫೋಟೊ ತೆಗೆಸಿಕೊಂಡರು. ಒಬ್ಬಾಕೆ ಕಣ್ಣೊರೆಸಿಕೊಂಡಳು, ಮತ್ತೆ ಫೋನಿನಲ್ಲಿ ಕಣ್ಣು ಕೆಂಪಾಗಿ ಕಾಣುತ್ತಿದೆಯೇ ಎಂದು ನೋಡಿಕೊಂಡಳು. ಇನ್ನೊಬ್ಬಾಕೆ ಸಮೋಸಾ ತಿಂದ ಬೆರಳಿನಿಂದಲೇ ಆ ಸುಟ್ಟ ತೋಳಿನ ಹೊಲಿಗೆ ಸವರಿ, “ಸೋ ರಾ, ಎಷ್ಟು ಹಸಿಹಸಿ” ಎಂದಳು. ಬಟ್ಟೆ ಎಣ್ಣೆ ಹೀರಿತು. ಬಾಣಂತಿಯರ ಬಟ್ಟೆ, ರೋಗಿಗಳ ಬಟ್ಟೆ ಎಲ್ಲ ಮುಟ್ಟಿದ ಕೈ ನನ್ನದು, ಅಂಥ ಹೇಸಿಗೆ ಎಂದೂ ಆಗಿರಲಿಲ್ಲ.

ಒಬ್ಬ ಮುದುಕಿ, ಒಮಾನಿ ಅಜ್ಜಿ, ಅಂಚಿನ ಅಕ್ಷರವನ್ನು ಗಟ್ಟಿಯಾಗಿ ಸ್ವಾಹಿಲಿಯಲ್ಲೇ ಓದಿದರು. ಆಮೇಲೆ ಗೇಟನ್ನೂ ಮರವನ್ನೂ ಗುರುತು ಹಿಡಿಯುವಂತೆ ಬಾಗಿ ನೋಡಿದರು. ವೇದಿಕೆಯ ಮೇಲಿದ್ದ ಗ್ರೇಸ್ ಆ ದನಿ ಕೇಳಿ ತಲೆ ಎತ್ತಿದಳು, ಬಟ್ಟೆ ಕಂಡಳು. ಮಾತು ನಿಲ್ಲಿಸಿದಳು.

“ಅದನ್ನು ಇಳಿಸುವವರೆಗೆ ನಾನು ಮಾತಾಡುವುದಿಲ್ಲ. ನೀವು ಇದನ್ನು ಹೀಲಿಂಗ್, ಗಾಯ ಮಾಯಿಸುವುದು ಎನ್ನುತ್ತಿದ್ದೀರಿ. ಇದು ಗಾಯವನ್ನು ಕದಿಯುವುದು.”

ಮೇಡಂ ನನ್ನ ಪಕ್ಕ ಓಡಿಬಂದು ಕನ್ನಡದಲ್ಲಿ ಪಿಸುಗುಟ್ಟಿದರು. “ಯಮುನಾ, ನೀವು ನಮ್ಮವರು. ಅವಳಿಗೆ ಸ್ವಲ್ಪ ಹೇಳಿ, ಗೆಸ್ಟ್‌ಗಳೆಲ್ಲ ನೋಡ್ತಿದ್ದಾರೆ.”

ನಾನು ಸ್ಟೂಲ್ ಎಳೆದು ಹತ್ತಿದೆ. ಎಲ್ಲರ ಕಣ್ಣೂ ನನ್ನ ಬೆನ್ನ ಮೇಲೆ. ಆ ಒಮಾನಿ ಅಜ್ಜಿ ಬಂದು ಸ್ಟೂಲ್ ಹಿಡಿದುಕೊಂಡರು. “ಯಲ್ಲಾ, ಯಲ್ಲಾ,” ಬೇಗ ಬೇಗ ಎಂದರು. ಬಟ್ಟೆ ಇಳಿಸಿ, ಅಕ್ಷರ ಒಳಗಾಗುವಂತೆ ಮಡಚಿ, ಸೆರಗಿನೊಳಗೆ ಇಟ್ಟುಕೊಂಡು ಹೊರಬಂದೆ. ಗ್ರೇಸ್ ಹಿಂದೆಯೇ ಬಂದಳು, ಅವಳ ಹಿಂದೆ ಅಲ್ಲಿದ್ದ ಗುಂಪಿನವರು. ಒಳಗೆ ಕಾರ್ಯಕ್ರಮ ಮುಂದುವರಿಯಿತು, ಆಫ್ರಿಕಾದವರು ಒಬ್ಬರೂ ಇಲ್ಲದೆ.

ಮುಂದಿನ ಶುಕ್ರವಾರ ನೀಮಾ ಬಂದಳು. ಗ್ರೇಸ್ ಎಲ್ಲ ಹೇಳಿದಳು. ನೀಮಾ ಅಳುತ್ತಾಳೆ ಎಂದುಕೊಂಡಿದ್ದೆ.

“ಎಷ್ಟು ಜನ ನೋಡಿದರು?” ಎಂದಳು.

“ಹಾಲ್ ತುಂಬ ಜನ,” ಎಂದೆ.

“ಫೋಟೊ?”

“ತೆಗೆದರು,” ಎಂದೆ.

ಅವಳು ನನ್ನ ಕತ್ತರಿ ಕೇಳಿದಳು. ಗೇಟಿನ ಹೊಲಿಗೆ ಬಿಚ್ಚಿದಳು, ಮರ ಬಿಚ್ಚಿದಳು, ಇಸ್ತ್ರಿ ಪೆಟ್ಟಿಗೆ ಬಿಚ್ಚಿದಳು, ಎಣ್ಣೆ ಅಂಟಿದ ತೋಳನ್ನೂ ಬಿಚ್ಚಿದಳು. ಸೂಜಿ ಚುಚ್ಚಿದ ತೂತುಗಳಷ್ಟೇ ಉಳಿದವು. ಸಹಿ ಬರುವವರೆಗೂ ಹಿಂದಿನ ಕೋಣೆಯಲ್ಲಿ ಬೀದಿಯ ಪ್ರತಿ ಕಾರಿನ ಸದ್ದಿಗೂ ಬೆಚ್ಚುತ್ತಿದ್ದಳು. ದೇವರ ದಯೆ, ಸಹಿ ಬಂತು. ದೂರದ ಸಹಮ್ ಊರಿನ ಒಂದು ಮನೆಗೆ ಹೋದಳು. ಹೋಗುವಾಗ ಮತ್ತೆ ಕಸೂತಿ ಹಾಕುತ್ತೀಯಾ ಎಂದು ಗ್ರೇಸ್ ಕೇಳಿದ್ದಕ್ಕೆ, “ಖಲಾಸ್,” ಎಂದಳು.

ಆ ಒಂದು ಮಾತು ಅವಳ ಬಾಯಿಂದ ಬರುವಂತೆ ಮಾಡಿದ್ದಕ್ಕೆ ನಾನು ಮೇಡಂರನ್ನು ಇಂದಿಗೂ ಕ್ಷಮಿಸಿಲ್ಲ. ಮರುವರ್ಷದ ಅವರ ಆಮಂತ್ರಣ ಪತ್ರದ ಮೇಲೆ ಅದೇ ಬಟ್ಟೆಯ ಫೋಟೊ ಇತ್ತು, ನೀಲಿ ಗೇಟಿನ ಸಮೇತ.

ಟೈಲರ್ ಕೆಲಸದಲ್ಲಿ ಗಿರಾಕಿ ಬಿಟ್ಟುಹೋದ ಬಟ್ಟೆ ನಮ್ಮದಲ್ಲ, ಎಷ್ಟೇ ಚೆಂದವಿದ್ದರೂ ಮೈಗೆ ಹಿಡಿದು ಕನ್ನಡಿ ನೋಡುವಂತಿಲ್ಲ. ಯಾರಾದರೂ ನಿಮ್ಮ ಬಳಿ ತಮ್ಮ ನೋವು ಹೇಳಿಕೊಂಡರೆ ಅದನ್ನೂ ಹಾಗೆಯೇ ನೋಡಿಕೊಳ್ಳಿ ಮಕ್ಕಳೇ. ಅವರು ಬಂದು ಕೇಳುವವರೆಗೆ ಮಡಚಿಡಿ. ಯಾರೂ ಬರದಿದ್ದರೆ, ಮಡಚಿಯೇ ಇರಲಿ.