ನಾನು ಎಣಿಸಿದ ಅವನ ಪುಟ

ಎರಡು ಸಾವಿರದ ಐದನೆಯ ಇಸವಿ, ಯುಗಾದಿ ಕಳೆದ ಮೊದಲ ಭಾನುವಾರ, ಬೆಳಗಿನ ಹತ್ತೂವರೆ. ಇಂಡಿಯಲ್ಲಿ ಲಿಂಬೆ ಬೆಳೆಗಾರರ ಸಂಘದ ಕೋಣೆಯಲ್ಲಿ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಗೋಡೆಗೆ ಬೆನ್ನು ತಾಗಿಸಿ ನಾನು ನಿಂತಿದ್ದೆ. ಕುರ್ಚಿ ಕೊಟ್ಟಿದ್ದರು, ಕೂತಿರಲಿಲ್ಲ. ನನ್ನ ಎಡಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಅವನು ಕೂತಿದ್ದ. ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಅಂದು ನಾನು ಆಡಿದ ಒಂದು ಮಾತನ್ನು ಆಮೇಲೆ ಜನ ಬೇರೆ ಬೇರೆ ರೀತಿ ಹೇಳಿದರು. ನಾನೂ ಕೆಲವು ಸಲ ಬೇರೆ ರೀತಿ ಹೇಳಿದ್ದೇನೆ.

ಅವನು ಸಿಂದಗಿಯಲ್ಲಿ ನನ್ನ ಜೊತೆ ಕಂಪ್ಯೂಟರ್ ಕಲಿತವನು. ಆಮೇಲೆ ನಾನು ಸಿಂದಗಿ ಬಸ್ ನಿಲ್ದಾಣದ ಎದುರಿಗೆ, ಅವನು ಇಂಡಿಯಲ್ಲಿ, ಒಂದೊಂದು ಕಂಪ್ಯೂಟರ್ ಸೆಂಟರ್ ತೆರೆದೆವು. ಸಂಘದವರು ತಮಗೊಂದು ವೆಬ್‌ಸೈಟ್ ಬೇಕೆಂದಾಗ ಇಬ್ಬರಿಗೂ ಒಂದೊಂದು ಮಾಡಲು ಹೇಳಿದರು. ಮೂರು ತಿಂಗಳಲ್ಲಿ ಯಾವುದನ್ನು ಹೆಚ್ಚು ಜನ ನೋಡುತ್ತಾರೋ ಅದನ್ನು ಉಳಿಸಿಕೊಳ್ಳುವುದು, ಮಾಡಿದವನಿಗೆ ಸಂಘದ ಕೆಲಸವೆಲ್ಲ ಕೊಡುವುದು ಎಂದು ಮಾತಾಯಿತು.

ಎಷ್ಟು ಸಲ ಪುಟ ನೋಡಲಾಯಿತು ಎಂದು ಅದರ ಕೆಳಗೇ ಒಂದು ಅಂಕಿ ತೋರುತ್ತಿತ್ತು. ಎರಡೂವರೆ ತಿಂಗಳಿಗೆ ನನ್ನದು ಮುನ್ನೂರು ಚಿಲ್ಲರೆ. ಅವನದು ನಾಲ್ಕು ಸಾವಿರ ದಾಟಿತ್ತು. ಅವನ ಪುಟದಲ್ಲಿ ಮಿಣುಕುವ ಲಿಂಬೆಹಣ್ಣು, ಓಡುವ ಅಕ್ಷರ, ತಪ್ಪು ಕಾಗುಣಿತ. ನನ್ನದು ಒಪ್ಪವಾಗಿತ್ತು. ಆದರೂ ಸಂಘದವರು ಅವನನ್ನು 'ನಮ್ಮ ಹುಡುಗ' ಎನ್ನುತ್ತಿದ್ದರು, ನನ್ನನ್ನು 'ಸಿಂದಗಿಯವರು' ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಅವನ ಪುಟ ತೆರೆದು ಅಂಕಿ ನೋಡುತ್ತಿದ್ದೆ. ನಾನು ನೋಡಿದಾಗಲೆಲ್ಲ ಅದಕ್ಕೆ ಇನ್ನೊಂದು ಕೂಡುತ್ತಿತ್ತು.

ಹೊಟ್ಟೆಕಿಚ್ಚಿಗೆ ಒಂದು ದಾರಿ ಹೊಳೆಯಿತು. ಸರ್ಚ್ ಎಂಜಿನ್‌ಗಳು ಪುಟಗಳನ್ನು ಓದಿ ತರಲು ಕ್ರಾಲರ್ ಎಂಬ ಪ್ರೋಗ್ರಾಂಗಳನ್ನು ಅಂತರ್ಜಾಲಕ್ಕೆ ಬಿಡುತ್ತವೆ. ಅವು ಬಂದರೂ ಅವನ ಅಂಕಿ ಏರುತ್ತದೆ. ಪುಟದಲ್ಲಿ ನಾಲ್ಕು ಸಾಲು ಕೋಡ್ ಇಟ್ಟರೆ ಅದು ನೋಡಲು ಬಂದವರ ಕಂಪ್ಯೂಟರಿನಲ್ಲೇ ನಡೆದು, 'ನೀನು ಯಾರು' ಎಂದು ಕೇಳಿ, ಕ್ರಾಲರ್ ಮತ್ತು ಮನುಷ್ಯರನ್ನು ಬೇರೆ ಬೇರೆ ಎಣಿಸುತ್ತದೆ. ಇದನ್ನು ಸಂಘದ ಅಧ್ಯಕ್ಷರಿಗೆ ಹೇಳಿದೆ.

"ಅಂದ್ರ ಮಷೀನೂ ಬಂದು ನೋಡಿ ಹೊಕ್ಕಾವೇನೋ ತಮ್ಮಾ?"

"ಹೌದ್ರಿ ಕಾಕಾರ. ಅವನ್ನ ಬಿಟ್ಟು ಎಣಿಸ್ಬೇಕ್ರಿ."

ಲಿಂಬೆ ಚೀಲದ ಎಣಿಕೆಯಲ್ಲಿ ಅನುಮಾನ ಬಂದರೆ ಎದುರಿನವನು ಅದನ್ನು ಸುರುವಿ ಮತ್ತೆ ಎಣಿಸುವುದು ಅವರ ವಾಡಿಕೆ. ಅಧ್ಯಕ್ಷರು ಹಾಗೆಯೇ ತೀರ್ಮಾನ ಕೊಟ್ಟರು: "ಅವನ ಚೀಲ ನೀ ಎಣಿಸು. ನಿನ್ನ ಚೀಲ ಅವ ಎಣಿಸ್ಲಿ."

ಅವನು ನಕ್ಕ. "ಇವನ್ದು ನಾ ಏನ್ ಎಣಿಸ್ಲಿರಿ? ಕ್ಲಾಸಿನ್ಯಾಗ ನನ್ನ ಪೆನ್ ಒಯ್ದ್ರೂ ಮರುದಿನ ತಂದು ಕೊಡಾಂವ." ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಜೇಬಿಗೆ ತುರುಕಿದ.

ಎರಡು ವಾರದಲ್ಲಿ ಅವನ ಅಂಕಿ ಸಾವಿರದ ನೂರು ಏರಿತು. ನನ್ನ ಕೋಡ್ ಅವನ ಪುಟದಲ್ಲಿ ಕಂಡದ್ದು ತೊಂಬತ್ತಾರು ಮನುಷ್ಯರನ್ನು. ಕ್ರಾಲರ್ ಸೊನ್ನೆ. ನನ್ನ ಪುಟಕ್ಕೆ ಬಂದವರು ಎಪ್ಪತ್ತೊಂದು. ಅಂದರೆ ಮನುಷ್ಯರ ಲೆಕ್ಕದಲ್ಲೂ ಅವನೇ ಮುಂದಿದ್ದ.

ಆ ಭಾನುವಾರ ಇಂಡಿಯ ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾಗ ನನಗೆ ತಿಳಿಯಿತು. ಕ್ರಾಲರ್ ಪುಟವನ್ನು ಎತ್ತಿಕೊಂಡು ಹೋಗುತ್ತದೆ, ಅದರೊಳಗಿನ ಕೋಡನ್ನು ನಡೆಸುವುದಿಲ್ಲ. ನಡೆಸದವರನ್ನು ನನ್ನ ಕೋಡ್ ಕಾಣಲಾರದು. ಉಳಿದ ಸಾವಿರ ಅವೇ ಇರಬೇಕು. ಪುಟವನ್ನು ಇಟ್ಟಿರುವ ಸರ್ವರಿನ ದಾಖಲೆಯಲ್ಲಿ ಬಂದವರೆಲ್ಲರ ಗುರುತು ಇರುತ್ತದೆ. ಇಂಡಿಯಲ್ಲಿ ಇಳಿದು ಯಾವುದಾದರೂ ಸೈಬರ್ ಕೆಫೆಯಲ್ಲಿ ಕೂತರೆ ಕಾಲು ಗಂಟೆಯ ಕೆಲಸ. ಚೀಟಿ ಜೇಬಿನಲ್ಲಿತ್ತು. ಇಳಿದವನು ನೆಟ್ಟಗೆ ಸಂಘಕ್ಕೆ ಹೋದೆ.

"ಮಂದಿ ತೊಂಬತ್ತಾರ್ರಿ. ಮಷೀನ್ ಸೊನ್ನೆ," ಎಂದು ಓದಿದೆ.

"ಮತ್ತ ಉಳಿದ ಸಾವಿರ?" ಎಂದರು ಸಂಘದ ಲೆಕ್ಕ ಬರೆಯುತ್ತಿದ್ದ ಮಾಸ್ತರರು.

"ಅದನ್ನ ಅವನಽ ಹೇಳ್ಬೇಕ್ರಿ."

ನಾನು ಆಡಿದ ಮಾತು ಇದು. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಾವು ನೂರು ಲಿಂಬಿಗೆ ಐದು ಕೊಸರು ಹಾಕ್ತೇವಿ," ಎಂದರು ಅಧ್ಯಕ್ಷರು ಅವನಿಗೆ. "ನೀ ನೂರಕ್ಕ ಸಾವಿರ ಹಾಕಿದ್ಯಲ್ಲೋ!"

ಎಲ್ಲರೂ ನಕ್ಕರು. ಸಂಘದಲ್ಲಿ ಒಬ್ಬರೇ ಹೆಣ್ಣುಮಗಳಿದ್ದರು, ನಾವು ಅಕ್ಕಾರ ಎನ್ನುತ್ತಿದ್ದೆವು. ಅವರು, "ಹಗಲೆಲ್ಲಾ ಕುಂತು ಅದಽ ಗುಂಡಿ ಒತ್ತಿದಿ ಏನೋ ಯಪ್ಪಾ?" ಎಂದರು.

ಅವನು ನನ್ನ ಕಡೆ ತಿರುಗಿದ. "ಲೇ, ಸೊನ್ನಿ ಹೆಂಗ ಬರ್ತೈತಲೇ? ಒಂದಾದ್ರೂ ಬಂದಿರಬೇಕಲ್ಲ?"

"ಹಾಳ್ಯಾಗ ಇದ್ದದ್ದು ಓದೇನಿ."

ಅವನು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ, ಚಪ್ಪಲಿ ಮೆಟ್ಟಿ ಹೋದ. ಹೇಳಿದರೆ ನಂಬುವುದು ಕಷ್ಟ: ಅವನು ಎದ್ದು ಹೋದ ಆ ರೀತಿಯನ್ನು ಕಂಡೂ ನನಗೆ ಹೊಟ್ಟೆ ಉರಿಯಿತು.

ಕೆಲಸ ನನಗೆ ಬಂತು. ಇಂಡಿಯ ಪೇಟೆಯಲ್ಲಿ ಅವನಿಗೆ 'ಕೊಸರು' ಎಂದು ಅಡ್ಡಹೆಸರು ಬಿತ್ತು. ಹತ್ತು ದಿನ ಬಿಟ್ಟು ಸರ್ವರಿನ ದಾಖಲೆ ತೆರೆದೆ. ಕ್ರಾಲರ್‌ಗಳ ಹೆಸರುಗಳು ಸಾಲುಸಾಲಾಗಿ ಇದ್ದವು. ಮುಚ್ಚಿಬಿಟ್ಟೆ, ಯಾರಿಗೂ ಹೇಳಲಿಲ್ಲ. ಮರುವರ್ಷ ಅವನ ಸೆಂಟರ್ ಮುಚ್ಚಿತು.

ಅವನು ಗುಂಡಿ ಒತ್ತಿ ಅಂಕಿ ಏರಿಸಿರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.

ಅಂದು ಕೋಣೆಯಲ್ಲಿ ಐದು ಜನ ಇದ್ದೆವು. ಅಧ್ಯಕ್ಷರು ತೀರಿಕೊಂಡರು. ಮಾಸ್ತರರು ಮುದ್ದೇಬಿಹಾಳದಲ್ಲಿದ್ದಾರೆ, ಹೋಗಿ ಹೇಳಿದೆ. ಅಕ್ಕಾರ ಬಸವನ ಬಾಗೇವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. "ಇದನ್ನ ನನಗ್ಯಾಕ ಹೇಳಾಕತ್ತಿ? ಅವಗ ಹೇಳು ಹೋಗು," ಎಂದರು. ಅವನು ಚಡಚಣದಲ್ಲಿದ್ದಾನೆ. ಅಲ್ಲಿಗೆ ನಾನು ಇನ್ನೂ ಹೋಗಿಲ್ಲ.